ಅರಸರ ಕಾರಿಗೆ ಇಪ್ಪತ್ತೊಂದು ವೈರು

ತಾತನ ಕಾಲದ ಕಾರಿಗೆ ಇನ್ನೂ ಒಂದು ಗೀರೂ ಬಿದ್ದಿಲ್ಲ ಅಂತ ಚಂದ್ರಕಾಂತ ಅರಸರು ವರ್ಷವರ್ಷವೂ ಹಳೇ ಕಾರುಗಳ ರ‍್ಯಾಲಿಯಲ್ಲಿ ಬಹುಮಾನ ಹೊಡೆಯುತ್ತಿದ್ದರು. ಈ ಸಲ ಅದರ ವೈರನ್ನೆಲ್ಲ ಇಲಿ ಕಡಿದು ಹಾಕಿತ್ತು.

"ಎಂಟು ವೈರಿನ ಕಿಟ್ ಸಾಕು ಸಾರ್," ಅಂದ ಅರಸರ ಮಳಿಗೆಯಲ್ಲೇ ಬಾಡಿಗೆಗೆ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ನಜೀರ್.

"ನನ್ನ ಅಂತಸ್ತಿಗೆ ಎಂಟಾ? ಇಪ್ಪತ್ತೊಂದರದ್ದೇ ಹಾಕು. ಒಂದು ವೈರು ಸುಮ್ಮನೆ ನೇತಾಡಿದ್ರೂ ನನ್ನ ಮಳಿಗೆ ಖಾಲಿ ಮಾಡು."

ನಜೀರ್ ತಲೆಯಾಡಿಸಿದ. ಸೀಮೆಸುಣ್ಣ ತಗೊಂಡು ಬಾಗಿಲಿಗೆ, ಚಾವಣಿಗೆ, ತೇಗದ ಡ್ಯಾಶ್‌ಬೋರ್ಡಿಗೆ ದುಂಡಗೆ ಗುರುತು ಹಾಕಿದ. ಆಮೇಲೆ ಡ್ರಿಲ್ ಎತ್ತಿಕೊಂಡ.

"ಏನಯ್ಯಾ ಇದು?"

"ಎಂಟು ಹೋಗಿ ಮಿಕ್ಕ ಹದಿಮೂರಕ್ಕೂ ಕೆಲಸ ಕೊಡಬೇಕಲ್ಲ ಸಾರ್. ಇಲ್ಲಿ ಏಸಿ, ಇಲ್ಲಿ ಸ್ಪೀಕರು, ಇಲ್ಲಿ ಕಿಟಕಿ ಮೋಟರು. ತೂತು ಯಾವ ಕಡೆಯಿಂದ ಶುರು ಮಾಡ್ಲಿ?"

ಅರಸರು ಡ್ಯಾಶ್‌ಬೋರ್ಡನ್ನು ತಬ್ಬಿಕೊಂಡುಬಿಟ್ಟರು. "ಎಂಟರದ್ದೇ ಹಾಕಪ್ಪಾ."

ನಜೀರ್ ಡ್ರಿಲ್ ಕೆಳಗಿಟ್ಟ. ಅದು ಕೆಟ್ಟು ಆರು ತಿಂಗಳಾಗಿತ್ತು. ಅದರ ವೈರನ್ನೂ ಇಲಿಯೇ ತಿಂದಿತ್ತು.