ಜೆನಬೂ ಗುಡ್ಡ

ನೈಜರ್ ದೇಶದಲ್ಲಿ ಫುಲಾನಿ ದನಗಾಹಿಗಳು ಅಲೆಯುವ ಹುಲ್ಲುಬಯಲಿನ ನಡುವೆ ಒಂದು ಬೋಳು ಗುಡ್ಡವಿದೆ. ಮರವಿಲ್ಲ, ನೆರಳಿಲ್ಲ; ನೆತ್ತಿಯ ಬಂಡೆಯಲ್ಲಿ ಅಂಗೈಯಗಲದ ಒಂದು ಕುಳಿ ಮಾತ್ರ ಇದೆ. ಅದರ ಹೆಸರು ಜೆನಬೂ ಗುಡ್ಡ. ಜೆನಬೂ ಎಂಬವಳು ರಾಣಿಯಲ್ಲ, ಸಂತಳೂ ಅಲ್ಲ, ಕರು ಮೇಯಿಸುವ ಹುಡುಗಿ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಬಯಲಿನಲ್ಲಿ ಬೀಡುಬಿಟ್ಟಿದ್ದ ಕುಂಬಾ ಎಂಬವಳ ಚೊಚ್ಚಲ ಮಗಳು ಅವಳು. ಚೊಚ್ಚಲ ಮಗುವಿನ ಹೆಸರನ್ನು ಹೆತ್ತವಳು ಬಾಯಿಬಿಟ್ಟು ಹೇಳಬಾರದು, ನಾಲ್ಕು ಜನರೆದುರು ಮುದ್ದಿಸಲೂಬಾರದು ಎಂಬುದು ಆ ಜನರ ಕಟ್ಟುಪಾಡು. ಕಿರಿಯವನು ಯೇರೊ. ಅವನ ಹೆಸರನ್ನು ಕುಂಬಾ ದಿನಕ್ಕೆ ಇಪ್ಪತ್ತು ಸಲ ಕೂಗುತ್ತಿದ್ದಳು. ಮಗಳ ಮಾತು ಬಂದರೆ ಮಾತ್ರ, "ಯೇರೊ, ಅವಳನ್ನ ಊಟಕ್ಕೆ ಕರಿ" ಎಂದು ಮುಖ ತಿರುಗಿಸುತ್ತಿದ್ದಳು. ಅಮ್ಮನಿಗೆ ತಾನು ಬೇಡದವಳು ಎಂದೇ ಜೆನಬೂ ತಿಳಿದಿದ್ದಳು. ಅದು ಕುಂಬಾಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರಬೇಕಾದ ಸಂಕಟ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಂದು ಮರುಭೂಮಿಯ ಒಣಗಾಳಿ ಬೆಳಗಿನಿಂದಲೂ ಧೂಳೆಬ್ಬಿಸುತ್ತಿತ್ತು. ಜೆನಬೂ ಕರುಗಳೊಡನೆ ದೂರ ಹೋಗಿದ್ದಳು. ಕುಂಬಾಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊಸರು ಕಡೆಯಲು ಕೂತವಳು ಮೂರು ಸಲ ಎದ್ದಳು. ಕೊನೆಗೆ ಹೊರಟೇಬಿಟ್ಟಾಗ ಅತ್ತೆ ಕೇಳಿದಳು: "ಎಲ್ಲಿಗೆ ಹೊರಟ್ಯೇ?"

"ಆಡೊಂದು ಕಾಣಿಸ್ತಿಲ್ಲ ಅತ್ತೆ."

"ಎರಡು ಕಾಲಿಂದೋ, ನಾಲ್ಕು ಕಾಲಿಂದೋ?" ಎಂದು ಮುದುಕಿ ನಕ್ಕಳು.

ಕುಂಬಾ ಗುಡ್ಡ ಹತ್ತಿದಳು. ಮೇಲಿನಿಂದ ನೋಡಿದರೆ, ಪೂರ್ವದ ಧೂಳೆಲ್ಲ ಧೂಳಲ್ಲ. ಅದರಡಿ ಬೆಂಕಿಯ ಸಾಲು ಒಣಹುಲ್ಲನ್ನು ನುಂಗುತ್ತ ಬರುತ್ತಿತ್ತು. ಎದೆಯೆತ್ತರದ ಹುಲ್ಲಿನೊಳಗೆ, ಧೂಳಿನ ನಡುವೆ ಇದ್ದ ಮಗಳಿಗೆ ಅದು ಕಾಣುವಂತಿರಲಿಲ್ಲ. "ಏಯ್ ಹುಡುಗೀ!" ಎಂದು ಕೂಗಿದಳು. ಆ ಬಯಲಿನಲ್ಲಿ ಯಾರು ಯಾರನ್ನೋ ಹಾಗೆ ಕೂಗುತ್ತಲೇ ಇರುತ್ತಾರೆ, ಜೆನಬೂ ತಿರುಗಲಿಲ್ಲ. ಮತ್ತೆ ಕೂಗಿದಳು, ಕೈಬೀಸಿದಳು, ಸೆರಗು ಬೀಸಿದಳು. ಬೆಂಕಿ ಕಾಯಲಿಲ್ಲ. ಹದಿಮೂರು ವರ್ಷ ನಾಲಿಗೆಯಡಿ ಅದುಮಿಟ್ಟಿದ್ದ ಹೆಸರನ್ನು ಕುಂಬಾ ಗಂಟಲು ಹರಿಯುವಂತೆ ಕೂಗಿದಳು: "ಜೆನಬೂ! ಜೆನಬೂ! ಗುಡ್ಡ ಹತ್ತೇ!"

ಹುಡುಗಿ ಬೆಚ್ಚಿ ತಲೆಯೆತ್ತಿದಳು. ಕರುಗಳನ್ನು ಅಟ್ಟಿಕೊಂಡು ಓಡೋಡಿ ಬಂದು ಬಂಡೆ ಹತ್ತಿದಳು. ಬೆಂಕಿ ಗುಡ್ಡದ ಬುಡ ಸುತ್ತಿ ಮುಂದೆ ಹೋಯಿತು.

ಸಂಜೆ ಬೀಡಿನವರೆಲ್ಲ ಸೇರಿದಾಗ ಜೆನಬೂ ಕೇಳಿಯೇಬಿಟ್ಟಳು: "ಅಮ್ಮಾ, ನನ್ನ ಹೆಸರು ಹಿಡಿದು ಕೂಗಿದ್ದು ನೀನೇ ಅಲ್ವಾ?"

ಹಿರಿಯರ ಕಣ್ಣುಗಳೆಲ್ಲ ಕುಂಬಾಳ ಮೇಲೆ. "ನಾನಲ್ಲ, ಆ ಗುಡ್ಡ ಕೂಗಿದ್ದು" ಎಂದಳು ಅವಳು. ಒಡೆದುಹೋದ ಗಂಟಲಿನಿಂದ ಮಾತು ಗೊರಗೊರ ಎಂದಿತು. ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಜೆನಬೂ ಅಮ್ಮನನ್ನೇ ನೋಡಿ, "ಪಾಪ, ಗುಡ್ಡಕ್ಕೆ ಗಂಟಲು ನೋಯ್ತಿರಬೇಕು" ಎಂದಳು. ಮರುದಿನದಿಂದ ಗುಡ್ಡದ ನೆತ್ತಿಯ ಕುಳಿಗೆ ಒಂದಿಷ್ಟು ಬಿಸಿಹಾಲು ಎರೆದು, ಸೋರೆಬುರುಡೆಯಲ್ಲಿ ಉಳಿದದ್ದನ್ನು ಅಮ್ಮನ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಕುಂಬಾ ಸಾಯುವವರೆಗೂ ಆ ಹೆಸರನ್ನು ಮತ್ತೆ ಹೇಳಲಿಲ್ಲ ಎನ್ನುತ್ತಾರೆ.

ಇಂದಿಗೂ ದಾರಿಹೋಕರು ನೋಡಬಹುದು: ಕುಳಿಯಲ್ಲಿ ಹಾಲಿನ ಬಿಳಿ ಕರೆ ಇರುತ್ತದೆ. ಚೊಚ್ಚಲ ಮಗುವಿನ ಹೆಸರು ಹೇಳಲಾಗದ ಫುಲಾನಿ ತಾಯಂದಿರು ಒಬ್ಬೊಬ್ಬರೇ ಹತ್ತಿ ಬಂದು, ಹಾಲೆರೆದು, "ಜೆನಬೂ!" ಎಂದು ಒಮ್ಮೆ ಜೋರಾಗಿ ಕೂಗಿ, ಏನೂ ಆಗಿಲ್ಲವೆಂಬಂತೆ ಇಳಿದುಹೋಗುತ್ತಾರೆ. ಕೆಳಗಿನ ಹುಲ್ಲಿನಲ್ಲಿ ಬೇರೆ ಯಾವುದೋ ಹೆಸರಿನ ಮಗುವೊಂದು ತಲೆಯೆತ್ತಿ ನೋಡುತ್ತದೆ.