ಒಂದೇ ತೂಕದ ಗುಂಡು

"ಗುರುಗಳೇ, ದೂರದ ಗುರಿಗೂ ಬೇಟೆಗೂ ಆಗುವಂಥ ಒಂದು ಕೋವಿ ಮಾಡಿಸಬೇಕೆಂದಿದ್ದೇನೆ. ನಳಿಗೆಯ ಬಾಯಿ ಎಷ್ಟು ಅಗಲವಿದ್ದರೆ ಸರಿ?" ಎಂದು ಮೊಣ್ಣಪ್ಪ ಕೇಳಿದ.

ಗುರು ಬೆಳ್ಯಪ್ಪನವರು ಗುರಿ ಹೊಡೆಯುವ ವಿದ್ಯೆಯನ್ನು ಹತ್ತಾರು ಮಂದಿಗೆ ಕಲಿಸುತ್ತಿದ್ದರು. ಹಿಂದಿನ ದಿನವಷ್ಟೇ ಶಿಷ್ಯರ ನಡುವೆ ಪಂದ್ಯ ನಡೆದಿತ್ತು. ಮಣ್ಣಿನ ದಿಬ್ಬದ ಮುಂದೆ ಒಬ್ಬೊಬ್ಬನಿಗೂ ಒಂದೊಂದು ಗುರಿಹಲಗೆ ನೆಟ್ಟಿದ್ದರು. ಕುಶಾಲಪ್ಪ ಎಂಬ ಶಿಷ್ಯ ಹೊಸ ಕೋವಿ ತಂದು ಗೆದ್ದಿದ್ದ. ಮೊಣ್ಣಪ್ಪ ಎರಡನೆಯವನಾಗಿದ್ದ. ಗುರುಗಳು ಅವನ ಮುಖ ನೋಡಿದರು. ಬಿಗಿಯಾಗಿ ಮುಚ್ಚಿದ್ದ ಮುಷ್ಟಿಯನ್ನೂ ಉಗುರಿನಲ್ಲಿದ್ದ ಮಣ್ಣನ್ನೂ ನೋಡಿದರು. ಅಳತೆ ಹೇಳಲಿಲ್ಲ, ಕತೆ ಹೇಳಿದರು.

ಕಾಡಂಚಿನ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನದು ಅಗಲ ಬಾಯಿಯ ಹಳೆಯ ಕೋವಿ. ಅದರ ಗುಂಡು ಗಜ್ಜುಗದಷ್ಟು ದಪ್ಪ. ಗದ್ದೆಗೆ ನುಗ್ಗಿದ ಹಂದಿ ಇಪ್ಪತ್ತು ಮಾರು ದೂರದಲ್ಲಿ ಸಿಕ್ಕಿದರೆ ಎರಡನೆಯ ಈಡು ಬೇಕಾಗುತ್ತಿರಲಿಲ್ಲ. ಊರಿಗೆಲ್ಲ ಅವನೇ ದೊಡ್ಡ ಈಡುಗಾರ. ಹಾಗೆಂದು ಜನ ಕರೆದರೆ ಅವನಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು.

ಆ ಊರಲ್ಲಿ ಒಂದು ಕಟ್ಟಳೆಯಿತ್ತು. ಹಂದಿಯನ್ನು ಯಾರು ಕೆಡವಿದರೋ ತಲೆ ಅವರ ಮನೆಗೆ. ಒಂದೇ ಹಂದಿಗೆ ಇಬ್ಬರು ಈಡು ಹೊಡೆದು ನನ್ನದು ತನ್ನದು ಎಂದರೆ, ಹಿರಿಯರು ಗುಂಡನ್ನು ಮಾಂಸದಿಂದ ತೆಗೆದು ಚಿನ್ನದ ತಕ್ಕಡಿಗೆ ಹಾಕುತ್ತಿದ್ದರು. ಪ್ರತಿಯೊಬ್ಬನೂ ತನ್ನ ಕೋವಿಯ ಒಂದು ಗುಂಡನ್ನು ಮೊದಲೇ ಅವರಲ್ಲಿ ಕೊಟ್ಟಿಟ್ಟಿರಬೇಕು. ಯಾರ ಗುಂಡಿಗೆ ಸರಿತೂಗುತ್ತದೋ ತಲೆ ಅವನದು. ಆದ್ದರಿಂದ ಹೊಸ ಕೋವಿ ಮಾಡಿಸುವವರು ಊರಲ್ಲಿ ಬೇರೆ ಯಾರಲ್ಲೂ ಇಲ್ಲದ ಅಳತೆಯನ್ನೇ ಕಮ್ಮಾರನಿಗೆ ಹೇಳುತ್ತಿದ್ದರು.

ಒಂದು ವರ್ಷ ರೈತನ ನೆರೆಮನೆಯ ವ್ಯಾಪಾರಿ ಸಣ್ಣ ಬಾಯಿಯ ಉದ್ದನೆಯ ಕೋವಿಯೊಂದನ್ನು ತಂದ. ಕೋವಿಗೆ ಹೂವಿಟ್ಟು ಪೂಜೆ ಮಾಡುವ ಹಬ್ಬದ ದಿನ ಗದ್ದೆಬಯಲಿನ ಆಚೆ ಮರಕ್ಕೆ ತೆಂಗಿನಕಾಯಿ ಕಟ್ಟಿದ್ದರು. ರೈತನ ಗುಂಡು ಅಷ್ಟು ದೂರ ಹೋಗಲಾರದೆ ಮರದ ಬುಡದಲ್ಲಿ ಬಿತ್ತು. ವ್ಯಾಪಾರಿ ಮೊದಲ ಈಡಿಗೇ ಕಾಯಿ ಒಡೆದ. ಜನ ಅವನನ್ನು ಎತ್ತಿಕೊಂಡು ಕುಣಿದರು. ರೈತನ ಹೆಂಡತಿಯೂ ಬಾಯಿ ತುಂಬ ಹೊಗಳಿದಳು. ಪಾಪ, ಆ ಹೊಗಳಿಕೆ ಗಂಡನಿಗೆ ಚುಚ್ಚುತ್ತದೆಂದು ಅವಳಿಗೆ ಗೊತ್ತಾಗಲಿಲ್ಲ.

ರೈತನ ಹೊಟ್ಟೆಗೆ ಬೆಂಕಿ ಬಿತ್ತು. ಹನ್ನೊಂದು ಹಂದಿ ಕೆಡವಿದ ತನ್ನ ಕೋವಿ ಅವನ ಕಣ್ಣಿಗೆ ಒನಕೆಯಂತೆ ಕಂಡಿತು. ನೆರೆಮನೆಯಲ್ಲಿ ಯಾರಾದರೂ ನಕ್ಕರೆ ತನ್ನನ್ನು ಕುರಿತೇ ನಕ್ಕರೆಂದು ಕಿವಿಗೊಡುತ್ತಿದ್ದ. ಹೊಟ್ಟೆಕಿಚ್ಚಿನವರಿಗೆ ಕಿವಿ ಬಹಳ ಚುರುಕು. ಮೂರನೆಯ ದಿನ ಅವನು ಬಯಲು ದಾಟಿ ಹೋಗಿ, ಮರದ ಕಾಂಡದಲ್ಲಿ ಹೂತಿದ್ದ ವ್ಯಾಪಾರಿಯ ಗುಂಡನ್ನು ಚೂರಿಯಿಂದ ಬಗೆದು ತೆಗೆದ. ಅದನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಕಮ್ಮಾರನ ಬಳಿ ಹೋದ.

ಕಮ್ಮಾರ ತಿಳಿದವನು. ಹೊಡೆಯಬೇಕಾದದ್ದು ಏನನ್ನು, ಎಷ್ಟು ದೂರದಿಂದ ಎಂದು ವಿಚಾರಿಸಿದ. ಕಾಯಿಯನ್ನೂ ಹೊಡೆಯಬೇಕು, ಹಂದಿಯನ್ನೂ ಹೊಡೆಯಬೇಕು ಎಂದು ರೈತ ಹೇಳಿದ.

"ಸಣ್ಣ ಬಾಯಿಯದು ದೂರ ಮುಟ್ಟುತ್ತದೆ, ಆದರೆ ಹಂದಿಯ ಮೈಗೆ ಸೂಜಿ ಚುಚ್ಚಿದ ಹಾಗೆ. ನಿನ್ನದು ಹಂದಿಯನ್ನು ಕೆಡವುತ್ತದೆ, ದೂರ ಮುಟ್ಟುವುದಿಲ್ಲ. ಎರಡೂ ಬೇಕಾದರೆ ನಡುವಿನ ಅಳತೆಯದೊಂದು ಇಲ್ಲಿದೆ. ಹೆಗಲಿಗೆ ಹಿಡಿದು ನೋಡು. ಅಂಥದ್ದು ನಿಮ್ಮೂರಲ್ಲಿ ಯಾರಲ್ಲೂ ಇಲ್ಲ" ಎಂದ ಕಮ್ಮಾರ.

ರೈತ ಅದನ್ನು ಮುಟ್ಟಿಯೂ ನೋಡಲಿಲ್ಲ. ಪಂಚೆಯ ಗಂಟು ಬಿಚ್ಚಿ ಗುಂಡನ್ನು ಮುಂದಿಟ್ಟ. "ನನಗೆ ಇದರ ಅಳತೆಯದೇ ಆಗಬೇಕು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು" ಎಂದ.

ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತಂತೆ. ರೈತ ಹಳೆಯ ಕೋವಿಯನ್ನು ಕಮ್ಮಾರನಿಗೇ ಬಿಟ್ಟು ಹೊಸದನ್ನು ಮಾಡಿಸಿಕೊಂಡು ಬಂದ. ಅದರ ಗುಂಡೊಂದನ್ನು ಹಿರಿಯರಲ್ಲಿ ಕೊಟ್ಟಿಟ್ಟ. ಒಂದು ವರ್ಷ ಕೂತಲ್ಲಿ ನಿಂತಲ್ಲಿ ಅಭ್ಯಾಸ ಮಾಡಿದ. ಮುಂದಿನ ಹಬ್ಬದಲ್ಲಿ ಅವನೂ ಮೊದಲ ಈಡಿಗೆ ಕಾಯಿ ಒಡೆದ. ಯಾರೂ ಎತ್ತಿ ಕುಣಿಯಲಿಲ್ಲ. ವ್ಯಾಪಾರಿಯನ್ನು ನೋಡಿ ಇವನೂ ಕಲಿತ ಎಂದರು. ಬೆಂಕಿಗೆ ತುಪ್ಪ ಸುರಿದಂತಾಯಿತು.

ಹಬ್ಬದ ಮರುದಿನ ಊರಿನವರು ಬೇಟೆಗೆ ಹೊರಟರು. ಹಿಂದಿನ ವಾರ ಒಂದು ಎತ್ತಿನ ಹೊಟ್ಟೆ ಬಗೆದಿದ್ದ ಒಂಟಿ ಹಂದಿ ಎದ್ದಿತು. ಹತ್ತಿರಕ್ಕೆ ಬರಲೇ ಇಲ್ಲ, ಬಯಲಿನ ಆಚೆಯ ಏರಿಯ ಮೇಲೆ ಓಡಿತು. ಅಷ್ಟು ದೂರ ಮುಟ್ಟುವ ಕೋವಿಗಳು ಎರಡೇ. ರೈತನೂ ವ್ಯಾಪಾರಿಯೂ ಒಟ್ಟಿಗೆ ಈಡು ಹೊಡೆದರು. ಎರಡು ಸದ್ದು ಒಂದಾಗಿ ಕೇಳಿಸಿತು. ಹಂದಿ ಉರುಳಿತು.

ಗುಂಡು ಕಿವಿಯ ಹಿಂದಿನ ಮರ್ಮಕ್ಕೇ ಹೊಕ್ಕಿತ್ತು, ಅಲ್ಲಿ ಸಣ್ಣ ಗುಂಡೂ ಸಾಕು. ಅದು ತನ್ನದೆಂದು ರೈತನಿಗೆ ಗೊತ್ತಿತ್ತು. ವ್ಯಾಪಾರಿಯ ಗುಂಡು ಏರಿಯ ಮಣ್ಣೆಬ್ಬಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಬೇರೆ ಯಾರೂ ಕಂಡಿರಲಿಲ್ಲ, ಎಲ್ಲರ ಕಣ್ಣೂ ಹಂದಿಯ ಮೇಲಿತ್ತು. ಓಡುವ ಹಂದಿಯನ್ನು ಅಷ್ಟು ದೂರದಿಂದ ಕೆಡವಿದವರು ಆ ಊರಿನಲ್ಲಿ ಅವನಿಗಿಂತ ಮೊದಲು ಹುಟ್ಟಿರಲಿಲ್ಲ.

ಹಿರಿಯರು ಗುಂಡನ್ನು ತೂಗಿದರು. ವ್ಯಾಪಾರಿಯ ಗುಂಡಿಗೆ ಸರಿತೂಗಿತು. ರೈತನ ಗುಂಡಿಗೂ ಸರಿತೂಗಿತು. ರೈತ ಕುಲದೇವರ ಮೇಲೆ ಆಣೆ ಇಟ್ಟ. ವ್ಯಾಪಾರಿ ಒಳ್ಳೆಯವನು, ಈಡು ಯಾರದೆಂದು ತನಗೆ ನಿಜಕ್ಕೂ ತಿಳಿಯದು ಎಂದ. ಅವನ ಆ ಒಳ್ಳೆಯತನವನ್ನೂ ರೈತ ಸಹಿಸಲಾರದೆ ಹೋದ.

"ಈಡು ನಿನ್ನದೇ ಇರಬಹುದಪ್ಪ" ಎಂದ ಅವರಲ್ಲೊಬ್ಬ ಹಿರಿಯ. "ಆದರೆ ಈ ತೂಕ ಅವನದು. ಊರಿಗೆ ಮೊದಲು ತಂದವನು ಅವನು."

ಹಂದಿಯನ್ನು ಹೊತ್ತ ಬೊಂಬಿಗೆ ರೈತನೂ ಹೆಗಲು ಕೊಡಬೇಕಾಯಿತು. ಅವನ ಮನೆಯ ಮುಂದೆಯೇ ಹಾದು ತಲೆ ನೆರೆಮನೆಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೊಣ್ಣಪ್ಪ, ಆ ರೈತ ಶುದ್ಧ ದಡ್ಡ, ಕಮ್ಮಾರ ತೋರಿಸಿದ ನಡುವಿನ ಅಳತೆಯನ್ನೇ ತೆಗೆದುಕೊಳ್ಳಬೇಕಿತ್ತು, ತಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ ಎಂದ.

ಗುರುಗಳು ಕೇಳಿದರು: "ಹಾಗಾದರೆ ಮೊಣ್ಣಪ್ಪ, ನಿನ್ನ ಮುಷ್ಟಿಯಲ್ಲಿರುವ ಗುಂಡನ್ನು ಯಾರ ಗುರಿಹಲಗೆಯ ಹಿಂದಿನಿಂದ ಅಗೆದು ತಂದೆ?"

ಮೊಣ್ಣಪ್ಪ ಮುಷ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿದ.