ಆಮೆಯಜ್ಜ ಕಾದ ಒಂದು ಉಸಿರು

ಒಂದು ಕಾಡಿನಲ್ಲಿ ರಾಜನಿರಲಿಲ್ಲ. ಹುಲಿ ಇತ್ತು, ಆನೆ ಇತ್ತು, ಆದರೆ ರಾಜ ಅಂತ ಯಾರೂ ಇರಲಿಲ್ಲ. ಅಲ್ಲಿದ್ದದ್ದು ಒಂದು ಸಭೆ. ಕಾಡಿನ ಒಂದೊಂದು ಕಡೆಯವರು ತಮ್ಮೊಳಗೆ ಒಬ್ಬರನ್ನು ಆರಿಸಿ ಅಲ್ಲಿಗೆ ಕಳಿಸುತ್ತಿದ್ದರು. ಸಭೆ ಸೇರುತ್ತಿದ್ದದ್ದು ಮುಸ್ಸಂಜೆಗೆ. ಆ ಹೊತ್ತಿಗೆ ಹಗಲಿನ ಪ್ರಾಣಿಗಳು ಇನ್ನೂ ಮಲಗಿರುವುದಿಲ್ಲ, ಇರುಳಿನವು ಆಗಲೇ ಎದ್ದಿರುತ್ತವೆ. ಇಬ್ಬರೂ ಎಚ್ಚರವಿರುವಾಗಲೇ ಕಾನೂನು ಆಗಬೇಕು ಎಂದು ಹಿಂದಿನವರು ಕಟ್ಟಳೆ ಮಾಡಿದ್ದರು.

ಆ ಬೇಸಿಗೆಯಲ್ಲಿ ಕಲ್ಲುಗುಡ್ಡದ ಕಡೆಯಿಂದ ಹೊಸದಾಗಿ ಆರಿಸಿ ಬಂದವಳು ಸೂಜವ್ವ ಎಂಬ ಮುಳ್ಳುಹಂದಿ. ಸಭೆಯ ಬಯಲಿಗೆ ಕಾಲಿಟ್ಟವಳೇ ಬೆರಗಾಗಿ ನಿಂತುಬಿಟ್ಟಳು. ಹುಲಿಯ ಪಕ್ಕದಲ್ಲೇ ಜಿಂಕೆ ಕೂತಿತ್ತು! ಜಿಂಕೆ ಮಾತಾಡುತ್ತಿರುವಾಗ ಹುಲಿ ನಡುವೆ ಬಾಯಿ ಹಾಕಿತು. ಬಂಡೆಯ ಮೇಲಿದ್ದ ಮುದಿ ಆಮೆ ಕತ್ತು ಹೊರಗೆ ಚಾಚಿ, "ನಿಮ್ಮ ಸರದಿ ಬಂದಾಗ ಮಾತಾಡಿ. ಈಗ ಕೂತ್ಕೊಳ್ಳಿ" ಎಂದಿತು. ಹುಲಿ ಕೂತಿತು.

ಸೂಜವ್ವನ ಮುಳ್ಳೆಲ್ಲ ನೆಟ್ಟಗಾದವು. "ಅಬ್ಬಬ್ಬಾ! ಒಂದು ಏಟಿಗೆ ಚಿಪ್ಪು ಒಡೆಯೋ ಹುಲಿ, ಆಮೆ ಮಾತು ಕೇಳ್ತಲ್ಲಾ!"

"ಅವರು ಸಭಾಧ್ಯಕ್ಷರು ಕಣವ್ವಾ" ಎಂದಳು ಪಕ್ಕದಲ್ಲಿದ್ದ ಅಳಿಲಜ್ಜಿ. "ಆಮೆಯಜ್ಜ ಯಾರ ಕಡೆಯವರೂ ಅಲ್ಲ. ಅದಕ್ಕೇ ಎಲ್ಲರೂ ಅವರ ಮಾತು ಕೇಳ್ತಾರೆ."

ಅಷ್ಟರಲ್ಲಿ ನರಿ ಬೆಣ್ಣೆರಾಯ ಎದ್ದು ನಿಂತ. ಹೆಸರಿಗೆ ತಕ್ಕ ಮಾತು ಅವನದು. ಮುಳ್ಳು ಸೂಜವ್ವನಿಗೆ ಮೈಮೇಲಿದ್ದರೆ ಅವನಿಗೆ ಹೊಟ್ಟೆಯೊಳಗಿತ್ತು. ತೊರೆಗಳೆಲ್ಲ ಬತ್ತಿ, ಕಾಡಿಗೆಲ್ಲ ಒಂದೇ ಒಂದು ಹೊಂಡದಲ್ಲಿ ನೀರು ಉಳಿದಿದ್ದ ಕಾಲ ಅದು. ಆ ಹೊಂಡದ ಬಗ್ಗೆಯೇ ಅವನೊಂದು ಮಸೂದೆ ತಂದಿದ್ದ.

"ಮಾನ್ಯ ಸಭಾಧ್ಯಕ್ಷರೇ, ಮೂರೇ ಮಾತು. ಒಂದು, ಹೊಂಡದ ನೀರನ್ನ ಯಾರೂ ಹೊಲಸು ಮಾಡಬಾರದು. ಎರಡು, ದಿನಾ ಮಧ್ಯಾಹ್ನ ಹೊಂಡದ ಕೆಸರು ಎತ್ತಿ ಚೊಕ್ಕ ಮಾಡಬೇಕು. ಆ ಸೇವೆ ನಮ್ಮ ನರಿ ಬಳಗಕ್ಕೇ ಇರಲಿ. ಮೂರು, ನೀರು ತಿಳಿಯಾಗೋಕೆ ಬಿಡಬೇಕಲ್ಲ? ಸಂಜೆ ಕತ್ತಲಾದ ಮೇಲೆ ಬೆಳಗಾಗೋವರೆಗೆ ಯಾರೂ ಹೊಂಡಕ್ಕೆ ಇಳಿಯಬಾರದು. ಕಾವಲಿಗೆ ನಾವೇ ಇರ್ತೀವಿ. ಅಷ್ಟೇ!"

"ಆಹಾ, ಎಂಥ ದೊಡ್ಡ ಮನಸ್ಸು!" ಎಂದಿತು ಕಾಗೆ. ಬೆಣ್ಣೆರಾಯ ತಿಂದು ಬಿಟ್ಟದ್ದನ್ನು ತಿನ್ನುವ ಕಾಗೆ ಅದು, ಬೇರೇನು ಹೇಳೀತು?

ಸೂಜವ್ವ ತನ್ನವರನ್ನು ನೆನೆದಳು. ಕಲ್ಲುಗುಡ್ಡದವರು ಹೊರಗೆ ಬರುವುದೇ ಕತ್ತಲಾದ ಮೇಲೆ. ಬಿಲದಲ್ಲಿ ಅವಳ ಮರಿಗಳಿದ್ದವು. ಅವು ಬಿಸಿಲನ್ನು ಕಂಡವೇ ಅಲ್ಲ. ಇರುಳು ಹೊಂಡ ಮುಚ್ಚಿದರೆ ಅವುಗಳ ಗತಿ? ಬಾಯಾರಿದ ಮೊಲವೊಂದು ತಡೆಯಲಾರದೆ ನೀರಿಗೆ ಇಳಿದರೆ ಅದು ಕಾನೂನು ಮುರಿದ ಕಳ್ಳನಾಗುತ್ತದೆ. ಕಳ್ಳನನ್ನು ಕಾವಲಿನ ನರಿ ಹಿಡಿದು ತಿಂದರೆ ಕೇಳುವವರು ಯಾರು?

ಆ ಕಾಡಿನಲ್ಲಿ ಮಸೂದೆಯನ್ನು ಸಭೆಯ ಮುಂದೆ ಮೂರು ಸಲ ಹೇಳಬೇಕಿತ್ತು. ಮೊದಲ ಸಲ, ಏನು ತಂದಿದ್ದೇನೆ ಎಂದು ತಿಳಿಸುವುದಕ್ಕೆ. ಎರಡನೆಯ ಸಲ, ಒಂದೊಂದು ಮಾತನ್ನೂ ಬಿಡಿಸಿ ನೋಡುವುದಕ್ಕೆ. ಮೂರನೆಯ ಸಲ, ಇಡಿಯಾಗಿ ಒಪ್ಪುವುದಕ್ಕೆ, ಇಲ್ಲವೇ ಬಿಡುವುದಕ್ಕೆ. ಮರುದಿನ ಸಂಜೆ ಎರಡನೆಯ ಸರದಿ ಬಂತು.

ಆಮೆಯಜ್ಜ ಮೊದಲ ಮಾತನ್ನು ಸಭೆಯ ಮುಂದಿಟ್ಟ. "ಒಪ್ಪುವವರು ಹೌದು ಎನ್ನಿ. ಒಪ್ಪದವರು ಇಲ್ಲ ಎನ್ನಿ." ನೀರು ಹೊಲಸಾಗಲಿ ಎನ್ನುವವರು ಯಾರಿದ್ದಾರೆ? ಎಲ್ಲರೂ ಹೌದು ಎಂದರು. "ಹೌದು ಎನ್ನುವವರೇ ಹೆಚ್ಚು ಎಂದು ತೋರುತ್ತದೆ" ಎಂದು ಹೇಳಿ ಆಮೆಯಜ್ಜ ಸುಮ್ಮನಾದ. ಕತ್ತು ಚಾಚಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಒಂದು ಉಸಿರು ಎಳೆದು ಬಿಟ್ಟ. ಆಮೇಲೆ, "ಮಾತು ಅಂಗೀಕಾರವಾಗಿದೆ" ಎಂದ. ಎರಡನೆಯ ಮಾತಿಗೂ ಹಾಗೆಯೇ ಮಾಡಿದ.

"ಅಜ್ಜನಿಗೆ ಮರೆವು ಬಂದಿದೆ. ನಡುವೆ ನಿಂತೇ ಬಿಡ್ತಾನೆ" ಎಂದು ಬೆಣ್ಣೆರಾಯ ಕಿಸಕ್ಕೆಂದು ನಕ್ಕ.

ಸೂಜವ್ವನಿಗೂ ಅದೇ ಅನುಮಾನ. "ಅಜ್ಜೀ, ಅವರು ಯಾಕೆ ಹಾಗೆ ನಿಲ್ತಾರೆ?"

"ಮರೆವಲ್ಲ ಕಣವ್ವಾ" ಎಂದಳು ಅಳಿಲಜ್ಜಿ. "'ತೋರುತ್ತದೆ' ಅಂದ್ರಲ್ಲ, ಅಂದ್ರೆ ಇನ್ನೂ ತೀರ್ಮಾನ ಆಗಿಲ್ಲ ಅಂತ. ಆ ಉಸಿರಿನಷ್ಟು ಹೊತ್ತು ಅವರು ಕಾಯೋದು ನಮಗೋಸ್ಕರ. ಒಪ್ಪದೇ ಇರೋರು ಆಗ ಎದ್ದು, ದನಿ ಬೇಡ, ತಲೆ ಎಣಿಸಿ ಅಂತ ಕೇಳಬಹುದು. ಯಾರು ಬೇಕಾದ್ರೂ ಕೇಳಬಹುದು, ಕೇಳಿದ್ರೆ ಎಲ್ಲರೂ ಏಳಲೇಬೇಕು. ಆ ಹೊತ್ತು ದಾಟಿತೋ, ಮುಗೀತು."

ಮೂರನೆಯ ಮಾತು ಬಂತು. ಸೂಜವ್ವ ಎದ್ದು, "ನಮ್ಮವರು ಹಗಲು ಹೊರಗೆ ಬರೋಕೆ ಆಗಲ್ಲ. ರಾತ್ರಿ ನೀರಿಲ್ಲ ಅಂದ್ರೆ ನಮಗೆ ನೀರೇ ಇಲ್ಲ" ಎಂದಳು. ಅವಳದು ಸಣ್ಣ ದನಿ. ಹಿಂದಿನ ಸಾಲಿಗೆ ಅದು ಕೇಳಿಸಿತೋ ಇಲ್ಲವೋ.

"ಒಪ್ಪುವವರು?" ಎಂದ ಆಮೆಯಜ್ಜ.

"ಹೌ... ದೂ... ಊ... ಊ!" ಬಯಲೇ ನಡುಗುವಂಥ ಕೂಗು ಎದ್ದಿತು. ಸಭೆಯಲ್ಲಿದ್ದ ನರಿಗಳು ಮೂರು, ಕೂಗು ಮಾತ್ರ ಮೂವತ್ತರದು. "ಒಪ್ಪದವರು?" ಎಂದಾಗ, ಅದಕ್ಕೆ ಬೆದರಿದವರ "ಇಲ್ಲ" ಹೊರಗೆ ಕೇಳಿಸಲೇ ಇಲ್ಲ.

"ಹೌದು ಎನ್ನುವವರೇ ಹೆಚ್ಚು ಎಂದು ತೋರುತ್ತದೆ" ಎಂದ ಆಮೆಯಜ್ಜ. ಕತ್ತು ಚಾಚಿದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ.

ಸೂಜವ್ವನಿಗೆ ತನ್ನ ಮರಿಗಳ ಒಣಗಿದ ಮೂತಿ ಕಣ್ಣ ಮುಂದೆ ಬಂತು. ಇಷ್ಟು ದೊಡ್ಡವರನ್ನು ಎಬ್ಬಿಸಲು ನಾನು ಯಾರು ಎಂದೂ ಅನ್ನಿಸಿತು. ಆದರೂ ಎದ್ದಳು.

"ಸಭಾಧ್ಯಕ್ಷರೇ! ದನಿ ಬೇಡ. ತಲೆ ಎಣಿಸಿ!"

"ಎಣಿಸಬೇಕಾದದ್ದೇ" ಎಂದ ಆಮೆಯಜ್ಜ. "ಸದಸ್ಯರೆಲ್ಲ ಏಳಿ. ಹೌದು ಎನ್ನುವವರು ಬಸರಿ ಮರದ ಕೆಳಗೆ ಹೋಗಿ. ಇಲ್ಲ ಎನ್ನುವವರು ನೇರಳೆ ಮರದ ಕೆಳಗೆ."

ಆಗ ಸೂಜವ್ವ ಕಂಡದ್ದನ್ನು ಸಾಯುವವರೆಗೂ ಮರೆಯಲಿಲ್ಲ. ಅವಳ ಒಂದೇ ಮಾತಿಗೆ ಹುಲಿ ಎದ್ದಿತು. ಕರಡಿ ಎದ್ದಿತು. ಬೆಟ್ಟದಂಥ ಕಾಡುಕೋಣ ಮೊಣಕಾಲೂರಿ ಎದ್ದಿತು. ಬಯಲೆಲ್ಲ ಧೂಳೆದ್ದಿತು. ಹುಲಿಗೂ ಒಂದೇ ತಲೆ, ಅಳಿಲಿಗೂ ಒಂದೇ ತಲೆ! ಅವಳಿಗೆ ಅಳು ಬಂತು, ಅಳುತ್ತಲೇ ನೇರಳೆ ಮರದತ್ತ ನಡೆದಳು.

ಬಯಲು ಖಾಲಿಯಾಯಿತು. ಆದರೂ ಹಿಂದಿನ ಪೊದೆಯಲ್ಲಿ "ಹೌದೂ... ಊ..." ಎಂಬ ಕೂಗು ನಿಂತಿರಲಿಲ್ಲ. ಒಂದು ನರಿ ಊಳಿಟ್ಟರೆ ಉಳಿದವು ಸುಮ್ಮನಿರಲು ಆಗುವುದುಂಟೇ? ನವಿಲು ಹೋಗಿ ಇಣುಕಿ, "ಅಯ್ಯೋ, ನರಿಗಳ ಬಳಗವೇ ಇಲ್ಲಿ ಬಚ್ಚಿಟ್ಟುಕೊಂಡಿದೆ! ಇವರ್ಯಾರೂ ಸದಸ್ಯರಲ್ಲ!" ಎಂದು ಕಿರುಚಿತು.

"ಹೊರಗಿನವರ ಕೂಗು ಸಭೆಯ ಮತವಲ್ಲ" ಎಂದ ಆಮೆಯಜ್ಜ. ಬಸರಿ ಮರದ ಕೆಳಗೆ ಮೂರು ನರಿ, ಒಂದು ಕಾಗೆ. ಉಳಿದವರೆಲ್ಲ ನೇರಳೆ ಮರದ ಕೆಳಗೆ. ಕೊನೆಗೆ ಬಂದ ಕಾಡುಕೋಣ ಸೂಜವ್ವನ ಪಕ್ಕ ನಿಂತು, "ನಾನು ಹಗಲು ಕುಡಿಯೋನು, ನನಗೇನು ಅಂತ ಸುಮ್ಮನಿದ್ದೆ ತಾಯಿ. ತಪ್ಪಾಯ್ತು" ಎಂದಿತು.

ಮೂರನೆಯ ಮಾತು ಬಿದ್ದುಹೋಯಿತು. "ಹಾಗಾದ್ರೆ ನನ್ನ ಮಸೂದೆಯೇ ಬೇಡ, ವಾಪಸ್ ಕೊಡಿ" ಎಂದ ಬೆಣ್ಣೆರಾಯ.

"ಈಗ ಅದು ನಿಮ್ಮದಲ್ಲ, ಸಭೆಯದು. ಸಭೆ ಬಿಟ್ಟುಕೊಟ್ಟರೆ ವಾಪಸ್ ಕೊಡ್ತೀನಿ" ಎಂದ ಆಮೆಯಜ್ಜ. ಸಭೆ ಬಿಟ್ಟುಕೊಡಲಿಲ್ಲ. ಮೂರನೆಯ ಸಲ ಹೇಳಿಸಿ, ಉಳಿದ ಎರಡು ಮಾತನ್ನು ಒಪ್ಪಿಯೇಬಿಟ್ಟಿತು.

ಈ ಸಭೆ ಒಪ್ಪಿದ್ದನ್ನು ಇನ್ನೊಮ್ಮೆ ನೋಡಲು ಗುಡ್ಡದ ತಲೆಯ ಮೇಲೆ ಹಿರಿಯರ ಇನ್ನೊಂದು ಸಭೆ ಇತ್ತು. ಮಸೂದೆ ಅಲ್ಲಿಗೆ ಹೋಯಿತು. ಬೆಣ್ಣೆರಾಯ ಅಲ್ಲಿಗೂ ಓಡಿ, "ಕೆಳಗೆ ಬಿದ್ದುಹೋದ ಮಾತನ್ನ ನೀವಾದ್ರೂ ಸೇರಿಸಿ" ಎಂದು ಹಲ್ಲು ಗಿಂಜಿದ. "ನಾವಿರೋದು ಇನ್ನೊಂದು ಸಲ ಯೋಚನೆ ಮಾಡೋಕಪ್ಪಾ, ಹಿಂಬಾಗಿಲು ತೆಗೆಯೋಕಲ್ಲ" ಎಂದಿತು ಅಲ್ಲಿದ್ದ ಮುದಿ ಮುಸುವ ಕೋತಿ. ಹಿರಿಯರೂ ಒಪ್ಪಿದರು.

ಕೊನೆಗೆ ಎಲ್ಲರೂ ಹೊಂಡದ ದಂಡೆಗೆ ಬಂದರು. ಅಲ್ಲಿ ಕಾಡಿಗೇ ಹಿರಿಯಳಾದ ಆನೆಯಮ್ಮ ಕಾದಿದ್ದಳು. ಕಾನೂನು ಮಾಡುವವಳು ಅವಳಲ್ಲ. ಆದರೆ ಅವಳು ಒಪ್ಪಿಗೆಯ ಹೆಜ್ಜೆ ಊರದೆ ಯಾವುದೂ ಕಾನೂನಾಗುತ್ತಿರಲಿಲ್ಲ. ಎರಡೂ ಸಭೆಗಳ ಮಾತು ಕೇಳಿ ಅವಳು ಹಸಿಮಣ್ಣಿನ ಮೇಲೆ ಮೆಲ್ಲಗೆ ಪಾದ ಊರಿದಳು. ಮಸೂದೆ ಕಾನೂನಾಯಿತು.

ಮರುದಿನದಿಂದ ಬೆಣ್ಣೆರಾಯನ ಬಳಗ ಸುಡುಬಿಸಿಲಿನಲ್ಲಿ ಕೆಸರು ಎತ್ತತೊಡಗಿತು. ತಾನೇ ಕೇಳಿ ಪಡೆದ ಸೇವೆ, ಯಾರನ್ನು ಬೈಯುವುದು? ಕತ್ತಲಾದ ಮೇಲೆ ಸೂಜವ್ವ ಮರಿಗಳನ್ನು ಕರೆದುಕೊಂಡು ಬಂದಳು. ಹೊಂಡ ಆಳವಿತ್ತು, ಮರಿಗಳು ಹೆದರಿದವು. ಆನೆಯಮ್ಮನ ಹೆಜ್ಜೆಯ ಗುರುತಿನಲ್ಲಿ ನೀರು ಒಸರಿ ತುಂಬಿಕೊಂಡಿತ್ತು. ಅವು ಅದಕ್ಕೇ ಮೂತಿ ಇಟ್ಟು ಹೊಟ್ಟೆ ತುಂಬ ಕುಡಿದವು.

ನೀತಿ: ಗದ್ದಲವೇ ಬಹುಮತವಲ್ಲ, ಸರಿಯಾದ ಹೊತ್ತಿಗೆ ಎದ್ದು ನಿಂತು ಕೇಳಿದರೆ ಚಿಕ್ಕವರ ಮಾತಿಗೂ ಇಡೀ ಸಭೆ ಏಳಲೇಬೇಕು.